ಮೊಂಡ್ರಿಯಾನನ ಚಿತ್ರವೂ ಗಣಕಯಂತ್ರದ ರೇಖೆಗಳೂ

ಯಂತ್ರವು ಕಲೆಯನ್ನು ಸೃಷ್ಟಿಸಬಲ್ಲುದೆ ಎಂಬ ಪ್ರಶ್ನೆ ಎದ್ದಾಗ, ಅಮೆರಿಕದ ಬೆಲ್ ಪ್ರಯೋಗಾಲಯದ ಎ. ಮೈಕೇಲ್ ನಾಲ್ ಅವರು 1966ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದನ್ನು ಪ್ರಮಾಣವಾಗಿ ಉದಾಹರಿಸುವುದುಂಟು. ಅದರ ಫಲಿತಾಂಶವನ್ನು ನಾವು ಅಲ್ಲಗಳೆಯುವುದಿಲ್ಲ. ಅದರಿಂದ ಸಿದ್ಧವಾದುದೇನೆಂಬುದನ್ನು ಮಾತ್ರ ಇಲ್ಲಿ ವಿಚಾರಿಸುತ್ತೇವೆ.

ಮೊದಲು ಉಪಕರಣವನ್ನು ತಿಳಿಯುವುದು ಅವಶ್ಯ. ಸ್ಟ್ರಾಂಬರ್ಗ್-ಕಾರ್ಲ್‌ಸನ್ ಸಂಸ್ಥೆಯ ಎಸ್‌ಸಿ-4020 ಎಂಬ ಯಂತ್ರವು ಗಣಕಯಂತ್ರದ ಉತ್ತರಗಳನ್ನು ಮೈಕ್ರೋಫಿಲ್ಮಿನ ಮೇಲೆ ದಾಖಲಿಸುತ್ತಿತ್ತು. ಅದರ ನಳಿಕೆಯೊಳಗೆ ಅಕ್ಷರಾಕಾರದ ರಂಧ್ರಗಳುಳ್ಳ ತಗಡೊಂದಿತ್ತು. ಎಲೆಕ್ಟ್ರಾನ್ ಕಿರಣವು ಬೇಕಾದ ರಂಧ್ರದಲ್ಲಿ ಹಾಯ್ದು, ಆ ಅಕ್ಷರದ ರೂಪವನ್ನೇ ತಾಳಿ ಪರದೆಯ ಮೇಲೆ ಬೀಳುತ್ತಿತ್ತು. ಕ್ಯಾಮೆರಾ ಅದನ್ನು ಹಿಡಿದಿಡುತ್ತಿತ್ತು. ಅಡ್ಡಕ್ಕೆ 1024, ಉದ್ದಕ್ಕೆ 1024 ಸ್ಥಾನಗಳು. ಇಷ್ಟೇ ಅದರ ಕ್ಷೇತ್ರ. ಅಂಕಿಗಳಿಗೂ ಗ್ರಾಫುಗಳಿಗೂ ಇದು ಸಾಕಾಗಿತ್ತು.

ನಾಲ್ ಅವರು ಮೊಂಡ್ರಿಯಾನನ 1917ರ ‘ರೇಖೆಗಳ ಸಂಯೋಜನೆ’ ಎಂಬ ತೈಲಚಿತ್ರವನ್ನು ಅಭ್ಯಸಿಸಿ, ಅಂತಹುದೇ ಅಡ್ಡ ಮತ್ತು ಲಂಬ ಗೆರೆಗಳನ್ನು ಯಾದೃಚ್ಛಿಕವಾಗಿ ಹರಡುವಂತೆ ಗಣಕಯಂತ್ರಕ್ಕೆ ವಿಧಿಸಿ, ಈ ಉಪಕರಣದಿಂದ ಚಿತ್ರವನ್ನು ಪಡೆದರು. ಎರಡರ ಪ್ರತಿಗಳನ್ನೂ 100 ಮಂದಿಗೆ ತೋರಿಸಲಾಯಿತು. ಯಂತ್ರದ ಚಿತ್ರವನ್ನು ಸರಿಯಾಗಿ ಗುರುತಿಸಿದವರು ಶೇಕಡ 28 ಮಾತ್ರ. ಅದನ್ನೇ ಹೆಚ್ಚು ಮೆಚ್ಚಿದವರು ಶೇಕಡ 59.

ಆದರೆ ಪರೀಕ್ಷಕರ ಮುಂದಿದ್ದುದು ತೈಲಚಿತ್ರವಲ್ಲ. ಜೆರಾಕ್ಸ್ ವಿಧಾನದಿಂದ ತೆಗೆದ ಅದರ ಪ್ರತಿ. ಬಣ್ಣದ ದಪ್ಪ, ಕುಂಚದ ಅಂಚು, ಚಿತ್ರದ ಗಾತ್ರ ಇವೆಲ್ಲವೂ ಆಗಲೇ ಲೋಪವಾಗಿದ್ದವು. ಮೂಲವನ್ನೇ ಇಟ್ಟಿದ್ದರೆ ಪ್ರಶ್ನೆಗೆ ಉತ್ತರವು ತಾನಾಗಿಯೇ ಹೊರಬೀಳುತ್ತಿತ್ತೆಂಬ ಸಮಾಧಾನವನ್ನು ಹೇಳಬಹುದು. ಅದು ನ್ಯಾಯವೇ. ಆದರೆ ಆ ಸಮಾಧಾನದಲ್ಲಿಯೇ ಪರೀಕ್ಷೆಯ ಮಿತಿಯೂ ಅಡಗಿದೆ: ಹೋಲಿಸಿದ್ದು ಎರಡು ವಿನ್ಯಾಸಗಳನ್ನೇ ಹೊರತು ಎರಡು ಕೃತಿಗಳನ್ನಲ್ಲ. ಮೇಲಾಗಿ, ಮೆಚ್ಚುಗೆ ಪಡೆದ ವಿನ್ಯಾಸದ ವ್ಯಾಕರಣವೂ ಮೊಂಡ್ರಿಯಾನನಿಂದಲೇ ಬಂದುದು. ಕ್ರಮಬದ್ಧವಾದುದು ಯಂತ್ರದ್ದು, ಅಸ್ತವ್ಯಸ್ತವಾದುದು ಮನುಷ್ಯನದು ಎಂಬ ನೋಡುಗರ ಪೂರ್ವಗ್ರಹವೂ ಇಲ್ಲಿ ಕೆಲಸಮಾಡಿದಂತೆ ತೋರುತ್ತದೆ.

ಅದೇ ಪ್ರಯೋಗಾಲಯದ ಕೆನ್ ನೋಲ್ಟನ್ ಅವರ ಮಾರ್ಗವು ನಮಗೆ ಹೆಚ್ಚು ಫಲಪ್ರದವೆನಿಸುತ್ತದೆ. 1963ರಲ್ಲಿ ಅವರು ರಚಿಸಿದ ಬೆಫ್ಲಿಕ್ಸ್ ಎಂಬ ಭಾಷೆಯು ಚಿತ್ರವನ್ನು 252×184 ಚೌಕಗಳಾಗಿ ವಿಂಗಡಿಸಿ, ಬೂದುಬಣ್ಣದ ಎಂಟು ಛಾಯೆಗಳಿಂದ ತುಂಬುತ್ತಿತ್ತು. ಅಕ್ಷರಗಳನ್ನು ಬೇಕೆಂದೇ ಮಸುಕಾಗಿಸಿ ಈ ಛಾಯೆಗಳನ್ನು ಸಾಧಿಸಲಾಯಿತು. ಇಲ್ಲಿ ಕುಂಚದ ಅನುಕರಣೆಯಿಲ್ಲ. ಉಪಕರಣದ ಕೊರತೆಯೇ ಶೈಲಿಯಾಗಿದೆ.

ಈಗ ಮನುಷ್ಯಕೃತವೂ ಯಂತ್ರಕೃತವೂ ಒಂದೇ ಪರದೆಯಲ್ಲಿ ನಮ್ಮೆದುರು ಬರುತ್ತವೆ. ಎರಡರಲ್ಲಿ ಭೇದವಿಲ್ಲವೆಂದು ತೀರ್ಮಾನಿಸುವ ಮುನ್ನ, ಆ ಭೇದವನ್ನು ಅಳಿಸಿದುದು ಕೃತಿಯೋ ಪರದೆಯೋ ಎಂಬುದನ್ನು ವಿಚಾರಿಸುವುದು ವಿಮರ್ಶಕನ ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ.