ಸಂಗ್ರಹಗಳ ಡಿಜಿಟಲೀಕರಣ: ಬಳ್ಳಾರಿಯ ದೃಷ್ಟಿಯಿಂದ ಒಂದು ವಿಮರ್ಶೆ

ವಸ್ತುಸಂಗ್ರಹಾಲಯ ಹಾಗೂ ಪತ್ರಾಗಾರಗಳ ಸಂಗ್ರಹಗಳನ್ನು ಡಿಜಿಟಲ್ ರೂಪಕ್ಕೆ ತರುವ ಕಾರ್ಯವನ್ನು ಹೊರಗಿನ ತಜ್ಞಸಂಸ್ಥೆಗಳಿಗೆ ವಹಿಸುವ ಪದ್ಧತಿ ಇಂದು ರೂಢಿಗೆ ಬಂದಿದೆ. ಯಂತ್ರವೂ ನುರಿತ ಕೈಗಳೂ ಇಲ್ಲದ ಸಂಸ್ಥೆಗಳಿಗೆ ಇದು ಅನಿವಾರ್ಯವೆಂಬುದನ್ನು ಒಪ್ಪಲೇಬೇಕು. ಆದರೆ ಈ ಕಾರ್ಯದ ಯಾವ ಅಂಶವನ್ನು ಪರರಿಗೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಲಾಗದು ಎಂಬ ವಿವೇಚನೆ ಸಾಕಷ್ಟು ನಡೆದಂತೆ ತೋರುವುದಿಲ್ಲ. 2023-24ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾದ ‘ಭಾರತ್ ಶ್ರೀ’ ಯೋಜನೆಯು ಮೊದಲ ಹಂತದಲ್ಲಿಯೇ 1 ಲಕ್ಷ ಶಾಸನಗಳ ಡಿಜಿಟಲೀಕರಣವನ್ನು ಗುರಿಯಾಗಿಟ್ಟುಕೊಂಡುದರಿಂದ ಈ ವಿವೇಚನೆ ಅಗತ್ಯವಾಗಿದೆ.

ಬಳ್ಳಾರಿಯು 1953ರವರೆಗೆ ಮದರಾಸಿನ ಆಡಳಿತದಲ್ಲಿದ್ದುದರಿಂದ ಇಲ್ಲಿಯ ಶಾಸನಗಳು ಬಿ. ಎಲ್. ರೈಸರು ಮೈಸೂರು ಸಂಸ್ಥಾನಕ್ಕಾಗಿ ಸಂಪಾದಿಸಿದ ಸಂಪುಟಗಳಲ್ಲಿ ಸೇರಲಿಲ್ಲ. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟದ ಮೊದಲ ಭಾಗವು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಪ್ರಕಟವಾಗಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಅಲ್ಲಿ ಮುದ್ರಿತವಾದ ಪಾಠವನ್ನು ಮೂಲದ ಪಡಿಯಚ್ಚಿನೊಡನೆ ಬೆಸೆಯುವ ಕೊಂಡಿಯೆಂದರೆ ವಾರ್ಷಿಕ ವರದಿಯ ವರ್ಷ ಮತ್ತು ಸಂಖ್ಯೆ. ಚಿತ್ರ ತೆಗೆಯುವ ಸಂಸ್ಥೆಯು ಈ ಸಂಖ್ಯೆಯನ್ನು ಕೈಬಿಟ್ಟು ತನ್ನದೇ ಕ್ರಮಾಂಕವನ್ನು ಕೊಟ್ಟಿತೆಂದರೆ ಚಿತ್ರವೆಷ್ಟೇ ಸ್ಫುಟವಾಗಿರಲಿ, ಸಂಶೋಧಕನಿಗೆ ಅದು ಊರಿಲ್ಲದ ಕಲ್ಲು.

ರಾಬರ್ಟ್ ಬ್ರೂಸ್ ಫೂಟರ ಸಂಗ್ರಹವೂ ಇದೇ ಪಾಠವನ್ನು ಹೇಳುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ ಅವರು ಕಲೆಹಾಕಿದ ಶಿಲಾಯುಧಗಳು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದವು. ಅವರ ವಿವರಣಾತ್ಮಕ ಸೂಚಿಯು ಅವರ ಮರಣಾನಂತರ, 1914ರಲ್ಲಿ, ಪ್ರಕಟವಾಯಿತು. ವಸ್ತುಗಳು ತವರಿನಿಂದ ದೂರವಾದರೂ ಅವು ದೊರೆತ ಸ್ಥಳಗಳನ್ನು ಬಲ್ಲವನೇ ನಮೂದಿಸಿದ್ದುದರಿಂದ ಅವು ಇಂದಿಗೂ ಇತಿಹಾಸದ ಆಧಾರಗಳಾಗಿ ಉಳಿದಿವೆ. ಸ್ಥಳವನ್ನು ಹೇಳದಿದ್ದರೆ ಕಲ್ಲುಕೊಡಲಿಯೊಂದು ಕೇವಲ ನುಣುಪಾದ ಕಲ್ಲಷ್ಟೆ.

ಗುತ್ತಿಗೆಯ ಹಣವು ಚಿತ್ರಗಳ ಎಣಿಕೆಯ ಮೇಲೆ ನಿಂತಾಗ ವಿವರಣೆಯೇ ಮೊದಲು ಸೊರಗುತ್ತದೆ. ಶಾಸನ ಓದಬಲ್ಲವನು ಒಂದು ಹೆಸರನ್ನು ನಿರ್ಧರಿಸುವ ಹೊತ್ತಿನಲ್ಲಿ ಯಂತ್ರವು ನೂರು ಚಿತ್ರಗಳನ್ನು ತೆಗೆದಿರುತ್ತದೆ. ಇದಕ್ಕೆ ಪ್ರತಿಯಾಗಿ, ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ಕಾರ್ಯದಲ್ಲಿ ತಂತ್ರಜ್ಞಾನ ಮತ್ತು ಶಾಸನಾಧ್ಯಯನಗಳು ಜೊತೆಯಾಗಿ ನಡೆದುದು ಗಮನಾರ್ಹ.

ಆದುದರಿಂದ ಯಾವುದೇ ಒಪ್ಪಂದದಲ್ಲಿ ಮೂರು ವಿಷಯಗಳು ಸ್ಪಷ್ಟವಾಗಿರಬೇಕು: ಹಳೆಯ ದಾಖಲೆ ಸಂಖ್ಯೆಗಳು ಹಾಗೆಯೇ ಉಳಿಯತಕ್ಕದ್ದು, ವಿವರಣೆಯನ್ನು ವಿಷಯಜ್ಞರು ಪರಿಶೀಲಿಸತಕ್ಕದ್ದು, ಮೂಲ ಗಾತ್ರದ ಚಿತ್ರಗಳು ಸಂಗ್ರಹದ ಒಡೆತನವುಳ್ಳ ಸಂಸ್ಥೆಯಲ್ಲಿಯೇ, ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ, ಇರತಕ್ಕದ್ದು. ರಾರಾವಿಯ ವಿದ್ಯಾರ್ಥಿಯೊಬ್ಬನು ಮದರಾಸಿಗೂ ಮೈಸೂರಿಗೂ ಅಲೆಯದೆ ಕುರುಗೋಡಿನ ಸಿಂದರ ಶಾಸನವನ್ನು ತನ್ನೂರಿನಲ್ಲಿಯೇ ಓದಿ, ಮುದ್ರಿತ ಪಾಠದ ತಪ್ಪನ್ನು ತಿದ್ದಬಲ್ಲವನಾದಾಗ ಮಾತ್ರ ಈ ವೆಚ್ಚ ಸಾರ್ಥಕವೆನ್ನಬಹುದು.