ಘಟಪ್ರಭೆಯ ಉಸುಕು: ಐದು ಸಾಲಿನ ವಿಧಾನಕ್ಕೆ ವ್ಯಾಖ್ಯಾನ

ಸಮೀರವಾಡಿ ಎಂದರೆ ಕಬ್ಬಿನ ಹಾಲು ತಿಳಿಗೊಳಿಸುವ ಕಾರ್ಖಾನೆ ನೆನಪಾಗುತ್ತದೆ. ಆ ಸೀಮೆಯ ಕಬ್ಬಿಗೆ ನೀರು ಕೊಡುವ ಘಟಪ್ರಭೆಯ ಉಸುಕಿನಲ್ಲೂ ಬಿಡಿಸಿ ನೋಡಬೇಕಾದದ್ದಿದೆ. ಭಾರದ ಖನಿಜ ಬೇರ್ಪಡಿಸುವ ಕ್ರಮವನ್ನು ಐದು ಸಾಲಿಗೆ ಇಳಿಸಿ, ಒಂದೊಂದನ್ನೇ ಬಿಡಿಸುತ್ತೇನೆ.

“ಗುಡ್ಡೆ ಮಾಡಿ, ನಾಲ್ಕು ಪಾಲು ಹಾಕಿ, ಎದುರುಬದುರಿನ ಎರಡನ್ನು ತೆಗೆದುಕೊಳ್ಳಿ.”
ಉಸುಕು ತಂದ ಚೀಲ ಅಲುಗಾಡಿದಾಗ ಕಾಳುಗಳು ಮೇಲೆ ಕೆಳಗೆ ಆಗಿರುತ್ತವೆ. ಮೇಲಿನ ಹಿಡಿ ಇಡೀ ಚೀಲದ ಮಾತು ಹೇಳುವುದಿಲ್ಲ.

“ತೊಳೆದು ಜೇಡಿ ಬಿಡಿಸಿ, 63ರಿಂದ 250 ಮೈಕ್ರಾನ್ ಗಾತ್ರದ್ದನ್ನು ಇಟ್ಟುಕೊಳ್ಳಿ.”
ಎರೆಮಣ್ಣು ಕಾಳಿಗೆ ಅಂಟಿದರೆ ಮುಂದಿನ ಯಾವ ಹಂತವೂ ಸರಿಯಾಗದು.

“ಸುಣ್ಣ ಕರಗುವವರೆಗೆ ಆಮ್ಲದಲ್ಲಿ ನೆನೆಸಿ.”
ಲೋಕಾಪುರದ ಸುತ್ತ ಸುಣ್ಣಕಲ್ಲು ಹೇರಳ. ಹೈಡ್ರೋಕ್ಲೋರಿಕ್ ಆಮ್ಲ ಅದನ್ನು ಬೇಗ ಕರಗಿಸುತ್ತದೆ, ಜೊತೆಗೆ ಅಪಟೈಟನ್ನೂ ನುಂಗುತ್ತದೆ. ಅಪಟೈಟ್ ಬೇಕಿದ್ದವರು ದುರ್ಬಲ ಅಸಿಟಿಕ್ ಆಮ್ಲ ಹಾಕಿ ಕಾಯಬೇಕು. ಏನು ಹುಡುಕುತ್ತಿದ್ದೇವೆಂದು ತಿಳಿಯದೆ ಆಮ್ಲದ ಬಾಟಲಿ ಮುಟ್ಟಬಾರದು.

“ಮೊದಲು ಅಯಸ್ಕಾಂತ, ಆಮೇಲೆ ಭಾರದ್ರವ.”
ನದಿ ಹುಟ್ಟುವುದು ಸಹ್ಯಾದ್ರಿಯ ಕಪ್ಪು ಬಸಾಲ್ಟಿನಲ್ಲಿ. ಹಾಗಾಗಿ ಮ್ಯಾಗ್ನೆಟೈಟ್ ಧಾರಾಳ. ಅಯಸ್ಕಾಂತಕ್ಕೆ ಕಾಗದ ಸುತ್ತಿ ಆಡಿಸಿ. ಇಲ್ಲದಿದ್ದರೆ ಕರಿಪುಡಿ ಕೆರೆದು ತೆಗೆಯುವುದೇ ದಿನದ ಕೆಲಸವಾದೀತು. ಉಳಿದದ್ದು ಬ್ರೋಮೋಫಾರ್ಮ್ ಎಂಬ ಭಾರದ್ರವಕ್ಕೆ. ಅದರ ಸಾಂದ್ರತೆ ಸುಮಾರು 2.89. 2.65ರ ಕ್ವಾರ್ಟ್ಜ್ ತೇಲುತ್ತದೆ. ಬಸಾಲ್ಟಿನ ಪೈರಾಕ್ಸೀನ್, 4.6ರ ಆಸುಪಾಸಿನ ಜಿರ್ಕಾನ್ ಮುಳುಗುತ್ತವೆ. ಆಲಿಕೆಯ ಕೆಳಗಿನ ರಬ್ಬರ್ ನಳಿಕೆಯ ಕ್ಲಿಪ್ ಸಡಿಲಿಸಿ ಮುಳುಗಿದ್ದನ್ನಷ್ಟೇ ಸೋಸುಕಾಗದಕ್ಕೆ ಬಿಡಬೇಕು.

ಬ್ರೋಮೋಫಾರ್ಮ್ ವಿಷ, ಹೊಗೆಗೂಡಿನ ಹೊರಗೆ ತೆರೆಯಲೇಬಾರದು. ಅದರ ಬದಲು ನನ್ನ ಒಲವು ಸೋಡಿಯಂ ಪಾಲಿಟಂಗ್‌ಸ್ಟೇಟಿನ ಕಡೆಗೆ. ದುಬಾರಿ, ನಿಜ, ಆದರೆ ನೀರಿನಲ್ಲಿ ಕರಗುತ್ತದೆ, ನೀರನ್ನು ಆವಿಯಾಗಿಸಿ ಮತ್ತೆ ಬಳಸಬಹುದು. ಒಂದೇ ಎಚ್ಚರ: ಕ್ಯಾಲ್ಸಿಯಂ ತಾಗಿದರೆ ಬಿಳಿ ಗಸಿ ಕಟ್ಟುತ್ತದೆ. ಬೋರ್‌ವೆಲ್‌ನ ಗಡಸು ನೀರು ಬೇಡ, ಬಟ್ಟಿ ಇಳಿಸಿದ ನೀರೇ ಆಗಬೇಕು. ಹಿಂದಿನ ಸಾಲಿನ ಸುಣ್ಣವನ್ನು ಪೂರ್ತಿ ತೊಳೆದಿರಬೇಕೆಂಬುದಕ್ಕೂ ಇದೇ ಕಾರಣ.

“ಸೂಕ್ಷ್ಮದರ್ಶಕದಡಿ ಸೂಜಿಯಿಂದ ಆರಿಸಿ.”
ಅಯಸ್ಕಾಂತ, ದ್ರವ ಬಿಟ್ಟದ್ದನ್ನು ಕಣ್ಣು ಹಿಡಿಯುತ್ತದೆ. ದುಂಡಗೆ ಸವೆದ ಜಿರ್ಕಾನ್ ಗೋಕಾಕದ ಕಡೆಯ ಹಳೆಯ ಮರಳುಗಲ್ಲಿನಿಂದ ಬಂದದ್ದಿರಬಹುದು. ಬಿರುಕಿದ್ದದ್ದು, ಒಳಗೆ ಬೇರೆ ಖನಿಜ ಸಿಕ್ಕಿಕೊಂಡದ್ದು ಕಾಲನಿರ್ಣಯಕ್ಕೆ ಒಗ್ಗದು.

ತೇಲಿದ ಉಸುಕು, ಅಯಸ್ಕಾಂತ ಹಿಡಿದ ಪುಡಿ ಯಾವುದನ್ನೂ ಚೆಲ್ಲಬೇಡಿ. ತೂಗಿ, ಚೀಟಿ ಹಚ್ಚಿ ಇಡಿ. ಆಮ್ಲದಲ್ಲಿ ಹೋದ ತೂಕವನ್ನೂ ಸೇರಿಸಿ ಎಲ್ಲ ಪಾಲು ಕೂಡಿದಾಗ ಆಮ್ಲಕ್ಕೆ ಹಾಕುವ ಮುಂಚಿನ ತೂಕಕ್ಕೆ ಹತ್ತಿರ ಬರದಿದ್ದರೆ, ನಡುವೆ ಎಲ್ಲೋ ಕಾಳು ಕಳೆದಿದೆ.