ಎರಡನೆಯ ಕ್ಲಾರಿಯೊನೆಟ್

ಸ್ಟೆಪ್ನಿ ಇಲ್ಲದೆ ಬಸ್ಸು ಘಾಟಿ ಹತ್ತುವುದಿಲ್ಲ. ನಮ್ಮವರು ಮಾತ್ರ 22 ವರ್ಷ ಒಂದೇ ಕ್ಲಾರಿಯೊನೆಟ್ ನಂಬಿ ಮದುವೆಗಳಿಗೆ ನುಡಿಸಿದರು. ಮಾಘಮಾಸದ ಒಂದು ಚಳಿಯ ಬೆಳಗು, ಇನ್ನೇನು ಗಟ್ಟಿಮೇಳ ಎನ್ನುವಾಗ ವಾದ್ಯದ ಮೇಲ್ತುಂಡು ಸೀಳು ಬಿಟ್ಟಿತು. ಮಾಂಗಲ್ಯಧಾರಣೆಗೆ ಡೋಲೊಂದೇ ಬಾರಿಸಿತು. ಯಾರೂ ಬೈಯಲಿಲ್ಲ, ಆದರೆ ಆ ಮನೆಯ ಎರಡನೆಯ ಮಗಳ ಮದುವೆಗೆ ಬೇರೆ ಮೇಳ ಬಂತು.

18ನೆಯ ಶತಮಾನದ ಆರಂಭಕ್ಕೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಹುಟ್ಟಿದ ವಾದ್ಯವಿದು. ರಾಯಚೂರಿನ ನರಸಿಂಹಲು ವಡವಾಟಿಯವರು ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ಹಾಡಿಸಿದ್ದಾರೆ. ಇದರ ಮರ ಆಫ್ರಿಕಾದ ಗ್ರೆನಡಿಲ್ಲಾ, ನಮ್ಮ ಬೀಟೆಯ ದಾಯಾದಿ. ಒಳಗೆ ಉಸಿರಿನ ಬಿಸಿ, ತೇವ; ಹೊರಗೆ ಒಣಚಳಿ. ಒಳಮೈ ಹಿಗ್ಗಿ ಹೊರಮೈ ಹಿಗ್ಗದಿದ್ದರೆ ಎಂಥ ಮರವೂ ಬಿರಿಯುತ್ತದೆ.

ಎರಡನೆಯದು ಕೊಳ್ಳಲು ಹೊರಟಾಗ ಮೂರು ವಾದ್ಯಗಳು ಮುಂದೆ ಬಂದವು. ದುಡ್ಡು ನನ್ನ ಚೀಟಿಯದು. ಹಾಗಾಗಿ ವಿಮರ್ಶೆಯ ಹಕ್ಕೂ ನನ್ನದೇ.

ಮೊದಲನೆಯದು ಹೆಸರಿಲ್ಲದ ಅಗ್ಗದ್ದು, ಕೀಲಿಗಳು ಚಿನ್ನದಂತೆ ಹೊಳೆಯುತ್ತಿದ್ದವು. ಮೇಲ್ತುಂಡಿನ ತೂತುಗಳನ್ನೆಲ್ಲ ಬೆರಳಿನಿಂದ ಮುಚ್ಚಿ, ಕೆಳತುದಿಗೆ ಅಂಗೈ ಒತ್ತಿ, ಮೇಲಿನಿಂದ ಗಾಳಿ ಎಳೆದರೆ ಬಿಗಿಯಾಗಿ ಹಿಡಿಯಬೇಕು. ಇದು ಬುಸ್ಸೆಂದಿತು. ಗ್ಯಾಸ್ಕೆಟ್ ಕೂರದ ಕುಕ್ಕರನ್ನು ನಾವು ಯಾರಾದರೂ ಮನೆಗೆ ತರುತ್ತೇವೆಯೆ?

ಎರಡನೆಯದು ಹಳೆಯ ಮರದ್ದು. ಅದರ ನಾದಕ್ಕೆ ಮಾವನವರ ಕಣ್ಣು ತುಂಬಿತು. ಆದರೆ ಅದು ಆಲ್ಬರ್ಟ್ ಪದ್ಧತಿಯದು. ನಮ್ಮವರ ಬೆರಳು ಪಳಗಿದ್ದು ಬೋಮ್ ಪದ್ಧತಿಗೆ. ಗಮಕ ಜಾರಿಸಲು ಹಳೆಯ ಪದ್ಧತಿಯೇ ಅನುಕೂಲ ಎನ್ನುವವರಿದ್ದಾರೆ, ಒಪ್ಪುತ್ತೇನೆ. ಆದರೆ ಬಿಲಹರಿಯ ನಡುವೆ ಅದನ್ನು ಕೈಗೆ ಕೊಟ್ಟರೆ, ಬೇರೆಯವರ ಅಡುಗೆಮನೆಯಲ್ಲಿ ಕರೆಂಟು ಹೋದಾಗ ಉಪ್ಪು ಹುಡುಕಿದ ಹಾಗೆ. ಮೇಲಾಗಿ ಅದೂ ಮರವೇ.

ಮೂರನೆಯದು ಯಮಹಾದವರು ಕಲಿಯುವವರಿಗೆಂದು ಮಾಡಿದ ಪ್ಲಾಸ್ಟಿಕ್ ವಾದ್ಯ. ಅದೇ ಶ್ರುತಿ, ಅದೇ ಬೆರಳು. “ಏನಯ್ಯಾ, ಕೊಡಪಾನ ಊದ್ತೀಯಾ?” ಎಂದರು ಮಾವ. ಹಳೆಯ ಮೌತ್‌ಪೀಸು, ರೀಡುಗಳನ್ನೇ ಇದಕ್ಕೆ ಸಿಕ್ಕಿಸಿ ಶ್ರುತಿಪೆಟ್ಟಿಗೆಯ ಜೊತೆ ನುಡಿಸಿದರು. ಹಿಂದಿನ ಕೀಲಿ ಒತ್ತಿದರೆ ಕ್ಲಾರಿಯೊನೆಟ್ ಕೊಳಲಿನಂತೆ ಮೇಲಿನ ಷಡ್ಜಕ್ಕಲ್ಲ, ಅದನ್ನೂ ದಾಟಿ ಪಂಚಮಕ್ಕೆ ಹಾರುತ್ತದೆ. ಆ ಹಾರಿಕೆಯಲ್ಲೇ ವಾದ್ಯದ ಗುಣ ಗೊತ್ತಾಗುವುದು. ಇದು ತಪ್ಪಲಿಲ್ಲ. ಮಂದ್ರದಲ್ಲಿ ದನಿ ಕೊಂಚ ಸಪ್ಪೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಚಳಿಗೆ ಬಿರಿಯುವ ಭಯವಿಲ್ಲ. ನನ್ನ ಓಟು ಇದಕ್ಕೇ.

ಒಂದು ಷರತ್ತು ಹಾಕಿದೆ: ಅಟ್ಟಕ್ಕೆ ಹಾಕಬಾರದು, ವಾರಕ್ಕೆರಡು ದಿನ ನುಡಿಸಬೇಕು. ಬಳಸದೆ ಇಟ್ಟ ವಾದ್ಯ ಬೇಕಾದಾಗ ಕೈಗೆ ಒಗ್ಗುವುದಿಲ್ಲ.

ಸೀಳಿದ್ದನ್ನು ಅಂಟು ಹಾಕಿಸಿದ್ದಾಯಿತು. ಈಗ ಚಳಿಯ ಮುಹೂರ್ತಕ್ಕೆ ಪ್ಲಾಸ್ಟಿಕ್ಕು, ಬಿಸಿಲೇರಿದ ಮೇಲೆ ಮರದ್ದು. ನಮ್ಮವರು ಹೊರಡುವಾಗ ಜಗುಲಿಯಿಂದ ಮಾವನವರೇ ಕೂಗಿ ಕೇಳುತ್ತಾರೆ: “ಕೊಡಪಾನ ತಗೊಂಡ್ಯೇನೋ?”